ಎರಡನೇ ಬಾಣಂತಿ

ಹೆರಿಗೆ ವಾರ್ಡಿಗೆ ತರಬೇತಿಗೆಂದು ಬರುವ ನರ್ಸಿಂಗ್ ಹುಡುಗಿಯರಲ್ಲಿ ರಕ್ತ ಕಂಡು ತಲೆ ತಿರುಗಿ ಬಿದ್ದವರು ಬೇಕಾದಷ್ಟು ಮಂದಿ. ಅದನ್ನು ಯಾರೂ ದೊಡ್ಡದು ಮಾಡುವುದಿಲ್ಲ. ಒಂದು ಲೋಟ ನೀರು ಕುಡಿಸಿ, ಹೊರಗಿನ ಬೆಂಚಿನ ಮೇಲೆ ಸ್ವಲ್ಪ ಹೊತ್ತು ಕೂರಿಸಿ, ಮತ್ತೆ ಒಳಗೆ ಕರೆದುಕೊಳ್ಳುತ್ತಾರೆ. ಆದರೆ ನಮ್ಮ ಹುಡುಗಿ ರಕ್ತಕ್ಕೆ ಹೆದರಿ ಬಿದ್ದವಳಲ್ಲ. ಅವಳು ಬಿದ್ದದ್ದು ಹೆರುವವಳ ಜೊತೆ ತಾನೂ ತಿಣುಕಿ.

ಆದದ್ದು ಇಷ್ಟು. ಮೊದಲನೇ ದಿನ ಅವಳನ್ನು ಹೆರಿಗೆ ಮಂಚದ ಪಕ್ಕ ನಿಲ್ಲಿಸಿ, ತಾಯಿಯ ಮೊಣಕಾಲು ಹಿಡಿದುಕೊಳ್ಳುವ ಕೆಲಸ ಕೊಟ್ಟಿದ್ದರು. ವಾರ್ಡಿನ ಯಜಮಾನಿ, ಎಲ್ಲರೂ ದೊಡ್ಡ ಸಿಸ್ಟರ್ ಎಂದು ಕರೆಯುವ ಹೆಂಗಸು, "ಉಸಿರು ಹಿಡಿದು ತಿಣುಕಮ್ಮ" ಎಂದರು. ತಾಯಿ ಉಸಿರು ಹಿಡಿದಳು. ಇವಳೂ ಹಿಡಿದಳು. ತಾಯಿ ಹಲ್ಲು ಕಚ್ಚಿದಳು, ಇವಳೂ ಕಚ್ಚಿದಳು. ನೋವು ಇಳಿದಾಗ ತಾಯಿ ಉಸಿರು ಬಿಟ್ಟಳು. ಇವಳಿಗೆ ಬಿಡುವುದು ಮರೆತೇ ಹೋಯಿತು. ಮುಖ ಕೆಂಪಾಗಿ, ಕಿವಿಯಲ್ಲಿ ಗುಂಯ್ ಎಂದು, ಮಗು ಹೊರಗೆ ಬರುವುದಕ್ಕೂ ಇವಳು ಹಿಂದೆ ನಿಂತಿದ್ದ ಆಯಾಳ ಮೇಲೆ ಉರುಳುವುದಕ್ಕೂ ಸರಿಹೋಯಿತು. ಆಯಾ ಗಟ್ಟಿ ಹೆಂಗಸು, ಹಿಡಿದುಕೊಂಡಳು. "ಸಿಸ್ಟರೇ, ಇಲ್ಲೊಂದು ಎರಡನೇ ಬಾಣಂತಿ ಇದೆ" ಎಂದು ಅಲ್ಲಿಂದಲೇ ಕೂಗಿದಳು. ಅಂದಿನಿಂದ ಅದೇ ಹೆಸರು ನಿಂತಿತು.

ಒಂದು ಸಲ ಆದರೆ ಹೊಟ್ಟೆಗೆ ಹಾಕಿಕೊಳ್ಳಬಹುದು. ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರಲ್ಲ, ಹಾಗೆ ಪ್ರತಿ ಹೆರಿಗೆಗೂ ಇದೇ ಪಾಡು. ತಲೆ ತಿರುಗುವಷ್ಟು ಆಗದಿದ್ದರೂ ಕೆನ್ನೆ ಉಬ್ಬುವುದು, ಕುತ್ತಿಗೆಯ ನರ ಎದ್ದು ನಿಲ್ಲುವುದು ತಪ್ಪಲಿಲ್ಲ. ಕೊನೆಗೆ ಆಯಾ ಹಿಂದೆ ನಿಂತು ಬೆನ್ನಿಗೆ ಮೊಣಕೈಯಿಂದ ತಿವಿಯುವ ಏರ್ಪಾಡಾಯಿತು. ತಿವಿದಾಗ ಇವಳು ಉಸಿರು ಬಿಡಬೇಕು. ಅದೂ ನಡೆಯಿತು. ಆದರೆ ಒಬ್ಬ ನರ್ಸ್ ಉಸಿರಾಡಲು ಒಬ್ಬ ಆಯಾ ಬೇಕು ಎಂಬ ಸುದ್ದಿ ಆಸ್ಪತ್ರೆಯ ಕ್ಯಾಂಟೀನಿಗೆ ಮುಟ್ಟಿ, ಅಲ್ಲಿಂದ ಮೆಟ್ಟಿಲು ಹತ್ತಿ ಆಡಳಿತಾಧಿಕಾರಿಯ ಕೋಣೆಗೂ ಹೋಯಿತು. ಇಂಥ ಸುದ್ದಿಗೆ ಲಿಫ್ಟ್ ಬೇಕಾಗುವುದಿಲ್ಲ.

ಇದರಲ್ಲಿ ನಗುವುದಕ್ಕೆ ಬೇಕಾದಷ್ಟಿತ್ತು, ಹುಡುಗಿಯೂ ಎಲ್ಲರಿಗಿಂತ ಜೋರಾಗಿಯೇ ನಗುತ್ತಿದ್ದಳು. ನಗು ಬಾರದ ಮಾತೂ ಒಂದಿತ್ತು. ವಾರ್ಡಿನ ಒಬ್ಬ ಸಿಸ್ಟರ್ ಗಂಡನ ಊರಿಗೆ ಹೊರಟಿದ್ದರಿಂದ ಒಂದು ಕೆಲಸ ಖಾಲಿಯಾಗುವುದಿತ್ತು. ತರಬೇತಿ ಮುಗಿದ ಮರುದಿನವೇ ಅದಕ್ಕೆ ಸಂದರ್ಶನ. ಆ ಕೆಲಸ ಇವಳಿಗೆ ಬೇಕಿತ್ತು. ಬೇಕಿತ್ತು ಅಂದರೆ ಸುಮ್ಮನೆ ಸಿಕ್ಕರೆ ಸಿಗಲಿ ಅನ್ನುವ ಹಾಗಲ್ಲ. ಬೆಳಿಗ್ಗೆ ವಾರ್ಡಿನ ಬಾಗಿಲು ತಳ್ಳಿದರೆ ಬರುವ ಡೆಟಾಲ್ ವಾಸನೆ, ಬೆಚ್ಚಗಿನ ಬಟ್ಟೆಯ ವಾಸನೆ ಎರಡೂ ಅವಳಿಗೆ ಮನೆಯದೇ ಅನಿಸತೊಡಗಿದ್ದವು. ಆಗಷ್ಟೇ ಹುಟ್ಟಿದ ಮಗುವನ್ನು ಒರೆಸುವಾಗ ಅದು ಇವಳ ಬೆರಳನ್ನು ಹಿಡಿದುಕೊಂಡರೆ, ಸಾಲ ವಸೂಲಿಗೆ ಬಂದವನ ಹಾಗೆ ಬಿಡುವುದೇ ಇಲ್ಲ. ಆ ಹಿಡಿತ ಬಿಟ್ಟು ಬೇರೆ ಎಲ್ಲಿಗೂ ಹೋಗಲು ಅವಳಿಗೆ ಮನಸ್ಸಿರಲಿಲ್ಲ.

ಮನೆಯಲ್ಲಿ ಬೇರೆಯೇ ಲೆಕ್ಕ. ಚಿಕ್ಕಮ್ಮ ಕಣ್ಣಿನ ಆಸ್ಪತ್ರೆಯಲ್ಲಿ ಹಿರಿಯ ನರ್ಸ್. ಅಲ್ಲಿ ಒಂದು ಜಾಗ ಮಾತಾಡಿ ಇಟ್ಟಿದ್ದಳು. "ನಮ್ಮಲ್ಲಿ ಕಿರುಚಾಟ ಇಲ್ಲ, ಓಡಾಟ ಇಲ್ಲ. ಕಣ್ಣಿಗೆ ಎರಡು ಹನಿ ಬಿಟ್ಟು ಮುಚ್ಕೊಳ್ಳಿ ಅಂದ್ರೆ ಮುಗೀತು. ವಾರ ಮುಗಿಯೋದ್ರೊಳಗೆ ಹೂಂ ಅನ್ನು, ಇಲ್ದಿದ್ರೆ ಬೇರೆಯವರಿಗೆ ಹೋಗುತ್ತೆ" ಎಂದು ಫೋನಿನಲ್ಲಿ ಅವಸರ ಮಾಡುತ್ತಿದ್ದಳು.

ಅಮ್ಮ ದರ್ಜಿ. ಮನೆಯ ಮುಂದಿನ ಕೋಣೆಯೇ ಅವಳ ಅಂಗಡಿ. ಹಗಲೆಲ್ಲ ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡಿರುವುದರಿಂದ ಅವಳ ಮಾತು ಕಡಿಮೆ. ಅವಳ ಪಾಲಿನ ಮಾತನ್ನೂ ಸೇರಿಸಿ ಮಗಳೇ ಆಡುತ್ತಿದ್ದಳು. ಹಾಗಾಗಿ ಅಜ್ಜಿ ಅವಳನ್ನು ಕರೆಯುತ್ತಿದ್ದದ್ದೇ ವಟವಟಿ ಎಂದು.

"ಕಣ್ಣಿನ ಆಸ್ಪತ್ರೆಗೇ ಹೋಗು" ಎಂದಳು ಅಮ್ಮ, ಸೂಜಿಗಳ ನಡುವಿನಿಂದ.

"ಯಾಕಮ್ಮ?"

"ಹೋಗು ಅಂದೆ."

ಅಜ್ಜಿ ಕಿಟಕಿ ಪಕ್ಕದ ಮಂಚದ ಮೇಲಿಂದ ಬಾಯಿ ಹಾಕಿದಳು. "ಆರು ಹೆತ್ತವಳಿಗೆ ಮೂರು ಹೆತ್ತವಳು ಬುದ್ಧಿ ಹೇಳಿದಳಂತೆ. ಇವಳು ಒಂದೂ ಹೆರದೆ ಊರಿಗೆಲ್ಲಾ ಹೇಳೋಕೆ ಹೊರಟಿದ್ದಾಳೆ."

"ನಾನೆಲ್ಲಿ ಹೇಳ್ತೀನಜ್ಜಿ? ಅಲ್ಲಿ ನನಗೆ ಬಾಯಿ ಬಿಡೋಕೇ ಬಿಡಲ್ಲ."

ಅದು ನಿಜ. ದೊಡ್ಡ ಸಿಸ್ಟರ್ ವಾರ್ಡಿನಲ್ಲಿ ಒಂದು ಪದ್ಧತಿ ಇತ್ತು. ಹೆರಿಗೆ ಮಂಚದ ಸುತ್ತ ಎಷ್ಟೇ ಜನ ಇರಲಿ, ತಾಯಿಯ ಜೊತೆ ಮಾತಾಡುವವರು ಒಬ್ಬರೇ. ಉಳಿದವರದ್ದೆಲ್ಲ ಕೈಸನ್ನೆ, ಕಣ್ಸನ್ನೆ. ಡಾಕ್ಟರ್ ಬಂದರೂ ಅಷ್ಟೇ. ಒಮ್ಮೆ ಹೊಸದಾಗಿ ಬಂದ ಡಾಕ್ಟರ್ ಒಬ್ಬರು ಬಾಗಿಲಿನಿಂದಲೇ "ಕಮಾನ್, ಕಮಾನ್" ಎಂದು ಹುರಿದುಂಬಿಸಲು ಹೋದಾಗ, ದೊಡ್ಡ ಸಿಸ್ಟರ್ ತಿರುಗಿಯೂ ನೋಡದೆ ಬೆರಳೆತ್ತಿ ಬಾಗಿಲು ತೋರಿಸಿದ್ದರು. ಡಾಕ್ಟರ್ ತಾವು ಬಂದ ದಾರಿಯಲ್ಲೇ ಹಿಂದಕ್ಕೆ ಹೋಗಿ, ಸುಮ್ಮನೆ ಇನ್ನೊಮ್ಮೆ ಒಳಗೆ ಬಂದರು. ಆ ಒಂದು ದನಿಯಾಗುವ ಅಧಿಕಾರ ಹಳಬರಿಗೆ ಮಾತ್ರ. ಕಲಿಯಲು ಬಂದವರ ಬಾಯಿಗೆ ಬೀಗ.

ಹುಟ್ಟಿದಾಗಿನಿಂದ ವಟಗುಟ್ಟಿಕೊಂಡು ಬಂದವಳನ್ನು ಹೀಗೆ ಬಾಯಿ ಮುಚ್ಚಿಸಿ ನಿಲ್ಲಿಸಿದರೆ ಒಳಗಿದ್ದದ್ದು ಎಲ್ಲಿಗೆ ಹೋಗಬೇಕು? ಕೆನ್ನೆಗೇ ಬರಬೇಕು. ಇದು ಆಗ ಯಾರಿಗೂ ಹೊಳೆಯಲಿಲ್ಲ. ಅವಳಿಗಂತೂ ಹೊಳೆಯಲೇ ಇಲ್ಲ.

ತರಬೇತಿಯ ಕೊನೆಯ ದಿನ ಬೆಳಿಗ್ಗೆ ದೊಡ್ಡ ಸಿಸ್ಟರ್ ಅವಳನ್ನು ಬಟ್ಟೆ ಜೋಡಿಸುವ ಕೋಣೆಗೆ ಕರೆದರು. "ನಿನ್ನ ಕೈ ಚೆನ್ನಾಗಿದೆ. ಮಗು ಎತ್ತೋದು, ಒರೆಸೋದು, ತಾಯಿ ಮೈಮೇಲೆ ಮಲಗಿಸೋದು, ಎಲ್ಲಾ ಚೆನ್ನಾಗಿದೆ. ಆದ್ರೆ ನಾಳೆ ನಿನ್ನ ಹೆಸರು ಹೇಳಿದ್ರೆ ಮೇಲಿನವರು ನನ್ನನ್ನ ಏನು ಕೇಳ್ತಾರೆ ಗೊತ್ತಲ್ಲ?"

"ತಿವಿಯೋಕೆ ಆಯಾ ಯಾರು ಅಂತ ಕೇಳ್ತಾರೆ."

ದೊಡ್ಡ ಸಿಸ್ಟರ್ ನಗಲಿಲ್ಲ. "ನಗೋ ಮಾತಲ್ಲ. ಮಗು ಬರೋ ಹೊತ್ತಲ್ಲಿ ನೀನು ಬಿದ್ರೆ ನಾನು ಯಾರನ್ನ ಹಿಡೀಲಿ?"

ಹುಡುಗಿ ಮಡಚುತ್ತಿದ್ದ ಟವೆಲನ್ನೇ ಮತ್ತೆ ಬಿಡಿಸಿ ಮತ್ತೆ ಮಡಚಿದಳು. ಚಿಕ್ಕಮ್ಮನಿಗೆ ಹೂಂ ಅನ್ನುವುದೊಂದೇ ಉಳಿದಿದೆ ಎಂದುಕೊಂಡಳು. ಹನಿ ಬಿಡುವುದು, ಮುಚ್ಚಿಕೊಳ್ಳಿ ಅನ್ನುವುದು, ಜೀವನಪೂರ್ತಿ.

ಅಷ್ಟರಲ್ಲಿ ಕಾರಿಡಾರಿನಲ್ಲಿ ಗದ್ದಲವಾಯಿತು. ಆಸ್ಪತ್ರೆಯ ಮುಂದಿನ ದೊಡ್ಡ ಚೌಕದಲ್ಲಿ ನಿಲ್ಲುವ ಟ್ರಾಫಿಕ್ ಪೊಲೀಸಮ್ಮ ಹೆರಿಗೆಗೆ ಬಂದಿದ್ದಳು. ಆ ಚೌಕ ದಾಟುವವರಿಗೆಲ್ಲ ಅವಳ ಪರಿಚಯ. ಕೈ ಎತ್ತಿದರೆ ಲಾರಿಯೂ ನಿಲ್ಲಬೇಕು, ಲಾರಿಯೊಳಗಿನ ಹಾಡೂ ನಿಲ್ಲಬೇಕು. ಈಗ ಗಾಲಿಕುರ್ಚಿಯಲ್ಲಿ ಕೂತುಕೊಂಡೇ ದಾರಿ ಬಿಡಿಸಿಕೊಂಡು ಬರುತ್ತಿದ್ದಳು. "ಆ ಟ್ರಾಲಿ ಎಡಕ್ಕೆ! ಗೋಡೆಗೆ ಒರಗಿ ನಿಂತವರು ಯಾರು, ಸರೀರಿ!" ಅವಳ ಗಂಡ ವಾಚು ರಿಪೇರಿಯವನು, ಮೆತ್ತನೆಯ ಮನುಷ್ಯ. ಚೀಲ ಎದೆಗವಚಿಕೊಂಡು ಎಲ್ಲರಿಗೂ ಕ್ಷಮಿಸಿ, ಕ್ಷಮಿಸಿ ಎನ್ನುತ್ತ ಹಿಂದೆ ಬಂದ.

ಮಧ್ಯಾಹ್ನದ ಹೊತ್ತಿಗೆ ನೋವು ಬಲವಾಯಿತು. ದೊಡ್ಡ ಸಿಸ್ಟರ್ ಕೈಗವಸು ಹಾಕಿಕೊಂಡು ಮಗುವನ್ನು ಹಿಡಿಯುವ ಜಾಗದಲ್ಲಿ ಕೂತರು. ಮಾತಾಡುವ ಪಾಳಿ ಹಳೆಯ ಸಿಸ್ಟರ್ ಒಬ್ಬರದು. ಅವರು ಒಳ್ಳೆಯವರೇ, ಆದರೆ ದನಿ ಸಕ್ಕರೆ ಪಾಕದಂಥದ್ದು. "ಉಸಿರು ತಗೊಳ್ಳಿ ಚಿನ್ನಾ" ಎಂದರೆ, "ನಾನು ಯಾರ ಚಿನ್ನಾನೂ ಅಲ್ಲ" ಎಂದಳು ಪೊಲೀಸಮ್ಮ. ತಿಣುಕಿ ಎಂದಾಗ ಬೈದಳು, ಬಿಡಿ ಎಂದಾಗ ತಿಣುಕಿದಳು. ಹುಟ್ಟಾ ಅಪ್ಪಣೆ ಕೊಟ್ಟವಳೇ ಹೊರತು ಪಾಲಿಸಿದವಳಲ್ಲ. ಗಂಡ ಒಂದು ಕೈ ಕೊಟ್ಟು, ಆ ಕೈ ಹಿಂಡಿಹೋಗುತ್ತಿದ್ದರೂ ತುಟಿ ಬಿಚ್ಚದೆ ನಿಂತಿದ್ದ.

ಮೊಣಕಾಲು ಹಿಡಿದು ನಿಂತಿದ್ದ ನಮ್ಮ ಹುಡುಗಿಯ ಕೆನ್ನೆ ಉಬ್ಬತೊಡಗಿತು. ಆಯಾ ಒಮ್ಮೆ ತಿವಿದಳು. ಎರಡನೆಯ ಸಲ ತಿವಿದಳು. ಮೂರನೆಯ ಸಲಕ್ಕೆ ಮೊಣಕೈ ಎತ್ತಿದಾಗ ದೊಡ್ಡ ಸಿಸ್ಟರ್ ತಲೆ ಎತ್ತಿ ಇವಳ ಮುಖ ನೋಡಿದರು. ತುಸು ಹೊತ್ತು ಹಾಗೇ ನೋಡಿದರು. ಆಮೇಲೆ ಹಳೆಯ ಸಿಸ್ಟರ್ ಕಡೆ ಕಣ್ಣು ತಿರುಗಿಸಿ, ಸಾಕು ಎನ್ನುವ ಹಾಗೆ ತಲೆಯಾಡಿಸಿದರು. ಇವಳಿಗೆ ಹೇಳಿದರು, "ನೀನು ಮಾತಾಡು."

"ನಾನಾ?"

"ಮತ್ತೆ ಗೋಡೆನಾ? ಮಾತಾಡು. ಮಾತಾಡೋ ಬಾಯಿ ಉಸಿರು ಕಟ್ಟಲ್ಲ."

ಹುಡುಗಿ ಮಂಚದ ತಲೆಯ ಕಡೆಗೆ ಹೋದಳು. ಇಷ್ಟು ದಿನ ಬಾಯಲ್ಲಿ ಕಟ್ಟಿಟ್ಟಿದ್ದ ಮಾತುಗಳಲ್ಲಿ ಈಗ ಒಂದೂ ಸಿಗಲಿಲ್ಲ. "ನಮಸ್ಕಾರ" ಎಂದಳು. ಬೇರೆ ಏನೂ ತೋಚದೆ ಬಂದ ಮಾತು ಅದು.

ಪೊಲೀಸಮ್ಮ ನೋವಿನ ನಡುವೆಯೂ ಕಣ್ಣರಳಿಸಿದಳು. "ಈಗ ನಮಸ್ಕಾರಾನಾ? ಯಾರು ನೀನು?"

"ನಾನು ದಿನಾ ನಿಮ್ಮ ಚೌಕ ದಾಟ್ಕೊಂಡೇ ಬರೋದು. ಒಂದ್ಸಲ ಓಡಿ ದಾಟಿದ್ದಕ್ಕೆ ನೀವು ನನ್ನ ವಾಪಸ್ ಆ ಕಡೆಗೆ ಕಳಿಸಿದ್ರಿ."

"ಸರಿಯಾಗೇ ಮಾಡಿದ್ದೀನಿ!"

"ಸರಿಯಾಗೇ ಮಾಡಿದ್ರಿ. ಇವತ್ತು ನಿಮ್ಮ ಮಗು ದಾಟಬೇಕು, ನನ್ನ ಜೊತೆ ದಾಟಿಸ್ತೀರಾ? ನೋವು ಬರ್ತಾ ಇದೆ, ನನ್ನ ಮುಖ ನೋಡಿ. ಉಸಿರು ತಗೊಳ್ಳಿ. ಈಗ ಕೆಳಗೆ, ಹಾಂ, ಕೆಳಗೆ, ಇನ್ನೂ, ಇನ್ನೂ, ಬಿಡಿ. ಬಿಟ್ಟುಬಿಡಿ. ಆಯ್ತು, ಅದು ಮುಗೀತು, ಅದು ವಾಪಸ್ ಬರಲ್ಲ."

ಮಾತು ಬಂದಿತು. ಬಂದದ್ದು ಮನೆಯ ವಟವಟ ಅಲ್ಲ, ಇವಳೇ ಹಿಂದೆಂದೂ ಕೇಳದ ಒಂದು ದನಿ, ತಗ್ಗಿನದು, ಅವಸರವಿಲ್ಲದ್ದು. "ಬಿಡಿ" ಎಂದು ಹೇಳುವಾಗ ಅವಳ ಉಸಿರೂ ತಾನಾಗಿ ಹೊರಗೆ ಹೋಗುತ್ತಿತ್ತು. ಆಯಾಳ ಮೊಣಕೈಗೆ ಕೆಲಸವಿಲ್ಲದಂತಾಯಿತು. ಪೊಲೀಸಮ್ಮ ಬೈಯುವುದನ್ನೇನೂ ಬಿಡಲಿಲ್ಲ, ಆದರೆ ಈಗ ಹೇಳಿದ್ದನ್ನು ಮಾಡಿ ಆಮೇಲೆ ಬೈಯತೊಡಗಿದಳು.

ಮಗುವಿನ ತಲೆ ಕಾಣಿಸಿತು. ದೊಡ್ಡ ಸಿಸ್ಟರ್ ಕೈಸನ್ನೆ ಮಾಡಿದರು. ಈ ಘಟ್ಟದಲ್ಲಿ ತಾಯಿ ಒಂದು ಗಳಿಗೆ ತಿಣುಕುವುದನ್ನು ನಿಲ್ಲಿಸಿ, ಸಣ್ಣ ಸಣ್ಣ ಉಸಿರು ಬಿಡಬೇಕು. ಆಗ ತಲೆ ಮೆಲ್ಲನೆ ಜಾರುತ್ತದೆ, ತಾಯಿಗೆ ಗಾಯವಾಗುವುದಿಲ್ಲ. ಹೇಳಲು ಸುಲಭ. ಮೈಯೆಲ್ಲ ತಳ್ಳು ತಳ್ಳು ಎನ್ನುತ್ತಿರುವಾಗ ನಿಲ್ಲು ಎಂದರೆ ಯಾವ ತಾಯಿಗೆ ಕೇಳಿಸೀತು?

"ಈಗ ತಳ್ಳಬೇಡಿ" ಎಂದಳು ಹುಡುಗಿ. ಪೊಲೀಸಮ್ಮ ತಳ್ಳಲು ಎದೆ ತುಂಬ ಉಸಿರೆಳೆದುಕೊಂಡಳು. "ಬೇಡ ಅಂದೆ, ಅಮ್ಮಾ, ಬೇಡ." ಕೇಳುವ ಸ್ಥಿತಿಯಲ್ಲಿ ಅವಳಿರಲಿಲ್ಲ. ಆಗ ಹುಡುಗಿಯ ಕೈ ತಾನಾಗಿ ಮೇಲೆ ಹೋಯಿತು. ತೋಳು ನೆಟ್ಟಗೆ, ಅಂಗೈ ಎದುರಿಗೆ, ಬೆರಳು ಸೇರಿಸಿ, ಚೌಕದ ನಡುವೆ ನಿಂತು ಲಾರಿ ನಿಲ್ಲಿಸುವ ಹಾಗೆ.

ಪೊಲೀಸಮ್ಮ ನಿಂತುಬಿಟ್ಟಳು. ಎಷ್ಟೋ ವರ್ಷ ಆ ಕೈಯನ್ನು ತಾನೇ ಎತ್ತಿದವಳಿಗೆ ಅದರ ಅರ್ಥ ಮೈಯಲ್ಲೇ ಇತ್ತು. ಉಸಿರು ಅರ್ಧಕ್ಕೇ ನಿಂತಿತು, ಕಣ್ಣು ಇವಳ ಅಂಗೈಯ ಮೇಲೆ ನೆಟ್ಟಿತು.

"ಹಾಗೇ. ಈಗ ದೀಪ ಊದೋ ಹಾಗೆ, ಸಣ್ಣಗೆ. ಊಫ್, ಊಫ್." ಹುಡುಗಿ ಊದಿದಳು. ಪೊಲೀಸಮ್ಮ ಊದಿದಳು. ಪಕ್ಕದಲ್ಲಿ ಗಂಡನೂ ಊದಿದ. ಹಳೆಯ ಸಿಸ್ಟರ್, ಆಯಾ ಇಬ್ಬರೂ ಊದಿದರು ಎಂದು ಆಮೇಲೆ ಅವರೇ ಒಬ್ಬರ ಮೇಲೊಬ್ಬರು ಚಾಡಿ ಹೇಳಿದರು. ಹುಡುಗಿ ಮೆಲ್ಲಗೆ ಕೈ ಇಳಿಸಿ, ಹೋಗಿ ಎನ್ನುವಂತೆ ಪಕ್ಕಕ್ಕೆ ಬೀಸಿದಳು. ಮಗು ಬಂತು.

ಅತ್ತಿತು. ಆ ಅಳು ಕೇಳಿ ಹುಡುಗಿ ಬೆಚ್ಚಿದಳು. ಇಷ್ಟು ಹೆರಿಗೆ ನೋಡಿದ್ದಳಲ್ಲ, ಒಂದೊಂದರಲ್ಲೂ ಮಗು ಮೊದಲು ಅಳುವ ಹೊತ್ತಿಗೆ ಇವಳ ಕಿವಿಯಲ್ಲಿ ಗುಂಯ್‌ಗುಡುತ್ತಿತ್ತು. ಮೊದಲ ಅಳು ಇಷ್ಟು ಗಟ್ಟಿಯಾಗಿ, ಇಷ್ಟು ಸಿಟ್ಟಾಗಿ ಇರುತ್ತದೆ ಎಂದು ಇವತ್ತೇ ಗೊತ್ತಾಯಿತು. ಅವಳಿಗೆ ಬಹಳ ಸಂತೋಷವಾಯಿತು, ಅಳುವೂ ಬಂತು. ಎರಡನ್ನೂ ತಡೆಯಲಿಲ್ಲ.

"ಕೈ ಎತ್ತಿದ್ದು ಸರಿಯಿಲ್ಲ, ಮೊಣಕೈ ಸ್ವಲ್ಪ ಬಗ್ಗಿತ್ತು" ಎಂದಳು ಪೊಲೀಸಮ್ಮ, ಮಗುವನ್ನು ಎದೆಯ ಮೇಲೆ ಹಾಕಿಸಿಕೊಂಡು.

ಮರುದಿನ ಸಂದರ್ಶನ. ಮೇಜಿನ ಆಚೆ ಮೂವರು. ನಡುವೆ ಆಡಳಿತಾಧಿಕಾರಿ, ಒಂದು ಪಕ್ಕ ಡಾಕ್ಟರ್, ಇನ್ನೊಂದು ಪಕ್ಕ ದೊಡ್ಡ ಸಿಸ್ಟರ್. ಆಡಳಿತಾಧಿಕಾರಿ ಕನ್ನಡಕ ಮೂಗಿನ ತುದಿಗೆ ಇಳಿಸಿಕೊಂಡು ಅವಳನ್ನು ನೋಡಿದರು. ಬೇರೆ ಪ್ರಶ್ನೆಗಳೆಲ್ಲ ಮುಗಿದು, ಅವಳೂ ಸರಿಯಾಗಿಯೇ ಉತ್ತರಿಸಿ, ಕೊನೆಗೆ ಎಲ್ಲರೂ ಕಾಯುತ್ತಿದ್ದ ಪ್ರಶ್ನೆ ಬಂತು.

"ನೀವೇನಾ ಆ... ಎರಡನೇ ಬಾಣಂತಿ?"

"ಹೌದು ಸರ್."

"ಆ ಉಸಿರು ಕಟ್ಟೋದು ಈಗ ವಾಸಿ ಆಯ್ತಾ?"

ಆಯಿತು ಎಂದರೆ ಮುಗಿಯುತ್ತಿತ್ತು. ನಾಲಗೆಯ ತುದಿಗೂ ಬಂದಿತ್ತು. ಆದರೆ ಬೆಳಿಗ್ಗೆ ಸಂದರ್ಶನಕ್ಕೆ ಮೊದಲೇ ವಾರ್ಡಿಗೆ ಬಂದು ಇನ್ನೊಂದು ಹೆರಿಗೆಯನ್ನು ಬಾಗಿಲ ಬಳಿ ಸುಮ್ಮನೆ ನಿಂತು ನೋಡುವಾಗ ಕೆನ್ನೆ ಮತ್ತೆ ಉಬ್ಬಿತ್ತು. ಸುಳ್ಳು ಹೇಳಿ ಒಳಗೆ ಬಂದರೆ ಒಂದು ದಿನ ಯಾವುದೋ ತಾಯಿಯ ಮೇಲೇ ಬೀಳಬೇಕಾಗುತ್ತದೆ ಎಂದುಕೊಂಡಳು.

"ಇಲ್ಲ ಸರ್" ಎಂದಳು. "ಸುಮ್ಮನೆ ನಿಂತ್ರೆ ಈಗಲೂ ಕಟ್ಟುತ್ತೆ."

ಡಾಕ್ಟರ್ ಪೆನ್ನು ಕೆಳಗಿಟ್ಟರು. ಆಡಳಿತಾಧಿಕಾರಿ ದೊಡ್ಡ ಸಿಸ್ಟರ್ ಕಡೆ ತಿರುಗಿ, "ಹಾಗಾದ್ರೆ ಹೇಗೆ ಸಿಸ್ಟರ್?" ಎಂದು ಕೇಳಿದರು.

"ಅದಕ್ಕೇನಂತೆ ಸರ್" ಎಂದರು ದೊಡ್ಡ ಸಿಸ್ಟರ್. "ಇವಳನ್ನ ನಾನು ಸುಮ್ಮನೆ ನಿಲ್ಲಿಸೋದೇ ಇಲ್ಲ."

ಕೆಲಸ ಸಿಕ್ಕಿತು. ಸೋಮವಾರದಿಂದ ಬರಲು ಹೇಳಿದರು. ಹೊರಗೆ ಕಾದಿದ್ದ ಆಯಾ, ಅಭ್ಯಾಸಬಲದಿಂದ, ಅವಳ ಬೆನ್ನಿಗೆ ಒಂದು ತಿವಿದೇ ಶುಭ ಹಾರೈಸಿದಳು.

ಮನೆಗೆ ಬಂದು ಸುದ್ದಿ ಹೇಳಿದಾಗ ಅಜ್ಜಿ, "ಬಾಯಿದ್ದವನು ಬರಗಾಲದಲ್ಲೂ ಬದುಕಿದ ಅಂತಾರೆ, ಇವಳಿಗೆ ಬಾಯಿಂದಲೇ ಸಂಬಳ!" ಎಂದು ಬೊಚ್ಚುಬಾಯಿ ತುಂಬ ನಕ್ಕಳು. ಚಿಕ್ಕಮ್ಮ ಫೋನಿನಲ್ಲಿ ಮೊದಲು ಮುನಿಸಿಕೊಂಡು, ಆಮೇಲೆ ಪೊಲೀಸಮ್ಮನ ಕಥೆಯನ್ನು ಎರಡು ಸಲ ಹೇಳಿಸಿಕೊಂಡಳು. ಅಮ್ಮ ಟೇಪು ತೆಗೆದುಕೊಂಡು, ಸಮವಸ್ತ್ರ ಹೊಲಿಯಲು ಮಗಳ ಭುಜದ ಅಳತೆ ತೆಗೆಯತೊಡಗಿದಳು.

"ಬೇಜಾರಾ ಅಮ್ಮ? ಕಣ್ಣಿನ ಆಸ್ಪತ್ರೆಗೆ ಹೋಗ್ಲಿಲ್ಲ ಅಂತ?"

ಅಮ್ಮ ಬಾಯಲ್ಲಿದ್ದ ಗುಂಡುಸೂಜಿಗಳನ್ನು ಒಂದೊಂದಾಗಿ ತೆಗೆದು ಮೇಜಿನ ಮೇಲಿಟ್ಟಳು. ಹಾಗೆ ಅವಳು ತೆಗೆದಿಟ್ಟದ್ದನ್ನು ಮನೆಯವರು ನೋಡಿದ್ದೇ ಅಪರೂಪ.

"ನೀನು ಹುಟ್ಟೋವಾಗ ನನ್ನ ಸುತ್ತ ಎಷ್ಟು ಜನ ಇದ್ರೋ. ಒಬ್ಬಳು ತಿಣುಕು ಅಂತಾಳೆ, ಇನ್ನೊಬ್ಬಳು ಈಗಲೇ ಬೇಡ ಅಂತಾಳೆ, ಮತ್ತೊಬ್ಬಳು ಯಾಕೆ ಕೂಗ್ತೀಯ ಅಂತ ಬೈತಾಳೆ. ನನಗೆ ಒಬ್ಬರ ಮಾತೂ ಕೇಳಿಸ್ಲಿಲ್ಲ. ಏನು ಮಾಡ್ಬೇಕು ಅಂತ ಗೊತ್ತಾಗದೆ ಗೋಡೆ ನೋಡ್ಕೊಂಡು ಮಲಗಿದ್ದೆ. ನನ್ನ ಮಗಳೂ ಅಂಥ ಕೋಣೇಲಿ ನಿಂತು ಯಾರದೋ ಮಗಳ ಮೇಲೆ ಹಾಗೆ ಕೂಗೋದು ಬೇಡ ಅಂತ ಅನಿಸ್ತು. ಅದಕ್ಕೇ ಅಂದಿದ್ದು."

ಮಗಳು ಮೇಜಿನ ಮೇಲಿದ್ದ ಗುಂಡುಸೂಜಿಗಳನ್ನು ಒಂದೊಂದಾಗಿ ಡಬ್ಬಿಗೆ ಹಾಕಿದಳು.

"ಆ ಪೊಲೀಸಮ್ಮನಿಗೆ ಏನು ಹೇಳ್ದೆ?" ಎಂದಳು ಅಮ್ಮ. ಹೊಲಿಗೆ ಯಂತ್ರದ ಮುಂದಿನ ಸ್ಟೂಲಿನ ಮೇಲೆ ಕೂತಳು. "ನನಗೂ ಹೇಳು, ನೋಡೋಣ."

ಹುಡುಗಿ ಅವಳೆದುರು ನೆಲದ ಮೇಲೆ, ಬಟ್ಟೆ ಚೂರುಗಳ ನಡುವೆ, ಮಂಡಿಯೂರಿ ಕೂತಳು. ಮೊದಲು ನಗು ಬಂತು. ಆಮೇಲೆ ನಿನ್ನೆಯ ದನಿ ಬಂತು. "ಅಮ್ಮ, ನನ್ನ ಮುಖ ನೋಡು. ಉಸಿರು ತಗೋ. ಈಗ ಕೆಳಗೆ, ಹಾಂ, ಇನ್ನೂ, ಇನ್ನೂ, ಬಿಡು. ಬಿಟ್ಟುಬಿಡು. ಅದು ಮುಗೀತು, ಅದು ವಾಪಸ್ ಬರಲ್ಲ. ಎಷ್ಟು ಚೆನ್ನಾಗಿ ಮಾಡ್ತಿದ್ದೀಯ ನೀನು. ಇನ್ನು ಸ್ವಲ್ಪ. ಈಗ ಸಣ್ಣಗೆ, ದೀಪ ಊದೋ ಹಾಗೆ."

ಅಮ್ಮ ಕಣ್ಣು ಮುಚ್ಚಿ ಊದಿದಳು. ಅವಳ ಕೈ ಮಗಳ ಭುಜವನ್ನು ಗಟ್ಟಿಯಾಗಿ ಹಿಡಿದಿತ್ತು.

"ಬಂತಮ್ಮ. ಮಗು ಬಂತು."

ಅಮ್ಮ ಕಣ್ಣು ಬಿಟ್ಟು ಮಗಳನ್ನು ನೋಡಿದಳು. ಮೊದಲ ಸಲ ನೋಡುವ ಹಾಗೆ ಬಹಳ ಹೊತ್ತು ನೋಡಿದಳು. "ಹೂಂ" ಎಂದಳು, "ಬಂತು."

"ಗಂಡೋ ಹೆಣ್ಣೋ, ಹೇಳ್ರೇ!" ಎಂದು ಅಜ್ಜಿ ಮಂಚದ ಮೇಲಿಂದ ಕೂಗಿದಳು.

"ಹೆಣ್ಣು, ಅತ್ತೆ" ಎಂದಳು ಅಮ್ಮ, ಸೆರಗಿನಿಂದ ಕಣ್ಣೊರೆಸಿಕೊಂಡು ಮತ್ತೆ ಟೇಪು ಎತ್ತಿಕೊಳ್ಳುತ್ತ. "ಬಾಯಿ ಜೋರಿದೆ."